ತಿಪ್ಪಕ್ಕನ ಕಮಾನು

ನಮ್ಮೂರಲ್ಲಿ ಮಧ್ಯಾಹ್ನದ ಊಟಕ್ಕೆ ಕರೆಯುವುದು ಮೂರನೆಯ ಕಮಾನು. ಗೂಡ್ಸ್ ರೈಲು ಸೇತುವೆ ಹತ್ತಿದ ಕೂಡಲೇ ಕಲ್ಲುಗಳು ಗುಯ್‌ಗುಡುತ್ತವೆ. ಆಮೇಲೆ ಆ ಕಮಾನಿನ ಹೊಟ್ಟೆಯೊಳಗಿಂದ ಒಂದು ಗಂಡುದನಿ, "ಬನ್ರಪ್ಪೋ, ಮುದ್ದೆ ಆರೋಗ್ತೈತೆ" ಎಂದು ಕೂಗುತ್ತದೆ. ಕೂಗಿದವನು ನಮ್ಮ ಮುತ್ತಜ್ಜನ ಕಾಲದ ಅಡುಗೆಯವನು, ಸತ್ತು ಯಾವ ಕಾಲವಾಯಿತೋ. ಆದರೂ ಆ ದನಿ ಕೇಳಿದ ಮೇಲೆ ಊರಲ್ಲಿ ಯಾರೂ ಕೆಲಸ ಮುಂದುವರಿಸುವುದಿಲ್ಲ. ದರ್ಜಿ ಸೂಜಿ ಚುಚ್ಚಿಟ್ಟು ಏಳುತ್ತಾನೆ, ಮೇಷ್ಟ್ರು ಬೋರ್ಡಿನ ಮೇಲೆ ಅರ್ಧ ಬರೆದದ್ದನ್ನು ಹಾಗೇ ಬಿಟ್ಟು ಕೈ ಒರೆಸಿಕೊಳ್ಳುತ್ತಾರೆ, ಗಂಡ ಹೆಂಡಿರ ಜಗಳವೂ ಅಷ್ಟಕ್ಕೇ ನಿಲ್ಲುತ್ತದೆ. ಗೂಡ್ಸ್ ತಡವಾದ ದಿನ ಊರಿಗೆ ಊರೇ ಹಸಿದುಕೊಂಡು ಕೂತಿರುತ್ತದೆ. ತಟ್ಟೆ ಮುಂದಿದ್ದರೂ ಕೈ ಹಾಕಲು ಮನಸ್ಸು ಬರುವುದಿಲ್ಲ.

ಒಂದೊಂದು ಕಮಾನಿಗೂ ಒಂದೊಂದು ಬಾಯಿ. ಮೊದಲನೆಯದು ಆಡುವ ಭಾಷೆ ಯಾರಿಗೂ ಗೊತ್ತಿಲ್ಲ. ಎಲ್ಲಿಂದಲೋ ಬಂದ ಕಲ್ಲುಕುಟಿಗರದು ಅಂತಾರೆ. ಏನೆಂದು ತಿಳಿಯದಿದ್ದರೂ ಅದರಲ್ಲಿ ಏನೋ ಒಂದು ತೂಗುವ ಗುಣ ಇರುವುದರಿಂದ ತಾಯಂದಿರು ಸಂಜೆ ಪ್ಯಾಸೆಂಜರ್ ಬರುವ ಹೊತ್ತಿಗೆ ಕೂಸುಗಳನ್ನು ಅಲ್ಲಿಗೆ ಎತ್ತಿಕೊಂಡು ಹೋಗುತ್ತಾರೆ. ಇನ್ನೊಂದು ಕಮಾನು ಬರೀ ಕೆಮ್ಮುತ್ತದೆ. ಚಳಿಗಾಲದಲ್ಲಿ ಅದರ ಪಕ್ಕದ ಮನೆಯವರು ಮೆಣಸಿನ ಕಷಾಯ ಕುದಿಸಿದಾಗ ಒಂದು ಲೋಟ ಕಂಬದ ಬುಡಕ್ಕೂ ಇಟ್ಟು ಬರುತ್ತಾರೆ. ಸ್ಟೇಷನ್ ಕಡೆಯ ಕಮಾನಿನಲ್ಲಿ ಯಾವನೋ ಮೇಲ್ವಿಚಾರಕ ಕೂಲಿಯವರನ್ನು ಬಾಯಿಗೆ ಬಂದಂತೆ ಬೈದಿದ್ದಾನೆ. ಮದುವೆ ದಿಬ್ಬಣ ಆ ದಾರಿಯಲ್ಲೇ ಬರಬೇಕು. ರೈಲಿನ ಸದ್ದು ಕೇಳಿದರೆ ಸಾಕು, ವಾಲಗದವರು ಕೆನ್ನೆ ಒಡೆಯುವ ಹಾಗೆ ಊದುತ್ತಾರೆ. ಆದರೂ ಒಂದೆರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಮದುಮಗಳು ತಲೆ ತಗ್ಗಿಸಿ ನಗುತ್ತಾಳೆ. ಆ ನಗು ಕಂಡ ಮೇಲೇ ಮದುವೆಗೆ ಕಳೆ.

ನಾನು ಮಾರಕ್ಕ, ಈ ಸೇತುವೆಯ ಗಾರೆ ಮೇಸ್ತ್ರಿ. ನನಗಿಂತ ಮೊದಲು ನಮ್ಮಪ್ಪ ಓಬಳಯ್ಯ ಮೇಸ್ತ್ರಿಯಾಗಿದ್ದ. ಕಲ್ಲಿನ ಸಂದುಗಳಲ್ಲಿ ಹಳೆಯ ಗಾರೆ ಉದುರಿದ ಕಡೆ ಹೊಸದು ತುಂಬುವುದು ನಮ್ಮ ಮನೆಯ ಕಸುಬು. ನನಗೆ ಅಳು ತಡವಾಗಿ ಬರುತ್ತದೆ, ಸಿಟ್ಟು ಬೇಗ ಬರುತ್ತದೆ. ಏಣಿಯ ಮೇಲೆ ನಿಂತು ಕೆಲಸ ಮಾಡುವವರಿಗೆ ಇದೇ ಒಳ್ಳೆಯದು.

ಸೇತುವೆಯ ಕೆಳಗೆ ಹೊಳೆ ಇಲ್ಲ. ಹೊಸಬರು ಮೊದಲು ಕೇಳುವುದೇ ಅದನ್ನು, ನೀರಿಲ್ಲದ ಕಡೆ ಇಷ್ಟು ದೊಡ್ಡ ಸೇತುವೆ ಯಾಕೆ ಅಂತ. ಎರಡು ಗುಡ್ಡಗಳ ನಡುವೆ ನಮ್ಮೂರು ಕೂತಿರುವ ತಗ್ಗು ಮೊದಲು ಬರೀ ಜೌಗಾಗಿತ್ತು. ರೈಲು ಹಾಕಲು ಬಂದವರು ಮಣ್ಣಿನ ಏರಿ ಹಾಕಿದರಂತೆ. ಬೇಸಿಗೆಯಲ್ಲಿ ಹಾಕಿದ ಮಣ್ಣು ಮಳೆಗಾಲದ ಹೊತ್ತಿಗೆ ಕೆಸರಿನೊಳಗೆ ಇಳಿದುಹೋಯಿತು. ಮತ್ತೆ ಹಾಕಿದರು, ಮತ್ತೆ ಇಳಿಯಿತು. ಕೊನೆಗೆ ಅವರ ದೊಡ್ಡ ಇಂಜಿನಿಯರು, ಈ ನೆಲದ ಮೇಲೆ ಭಾರ ಹೊರಿಸುವುದು ಬೇಡ, ಗಾಳಿಯಲ್ಲಿ ದಾಟಿಸೋಣ ಅಂದನಂತೆ. ಬಂಡೆ ಸಿಗುವವರೆಗೆ ಗುಂಡಿ ತೋಡಿ ಕಂಬ ಎಬ್ಬಿಸಿದರು. ಕಂಬದಿಂದ ಕಂಬಕ್ಕೆ ಮರದ ಸೆಂಟ್ರಿಂಗ್ ಕಟ್ಟಿ, ಅದರ ಬೆನ್ನ ಮೇಲೆ ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತ ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲು ಬಡಿದು ಕೂರಿಸಿ ಮರ ಕಿತ್ತರು. ಕಮಾನಿನ ಪ್ರತಿಯೊಂದು ಕಲ್ಲೂ ಬೀಳಬೇಕೆಂದೇ ನೋಡುತ್ತಿರುತ್ತದೆ. ಎಲ್ಲವೂ ಒಟ್ಟಿಗೆ ಬೀಳಲು ಹೊರಟು ಒಂದಕ್ಕೊಂದು ಅಡ್ಡ ನಿಂತಿವೆ. ದೊಡ್ಡ ಸಂಸಾರಗಳು ನಿಂತಿರುವುದೂ ಹಾಗೆಯೇ ಎಂದು ಅಪ್ಪ ಹೇಳುತ್ತಾನೆ.

ಆ ಕಲ್ಲುಗಳ ನಡುವೆ ಇರುವುದು ಗಾರೆ. ಸುಟ್ಟ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಇವೆಲ್ಲ ಸೇರಿ ಎತ್ತು ತಿರುಗಿಸುವ ಗಾಣದಲ್ಲಿ ಬೆಣ್ಣೆಯಂತೆ ಅರೆಯಬೇಕು. ಹಸಿ ಗಾರೆಯ ಮುಂದೆ ಆಡಿದ ಮಾತು ಅದರಲ್ಲೇ ಉಳಿಯುತ್ತದೆ, ರೈಲು ನಡುಗಿಸಿದಾಗ ಹೊರಗೆ ಬರುತ್ತದೆ. ಸುಣ್ಣ ತಲೆಮಾರುಗಟ್ಟಲೆ ಗಾಳಿ ಕುಡಿಯುತ್ತ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಪೂರ್ತಿ ಕಲ್ಲಾದ ದಿನ ಮಾತು ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಗಾರೆ ಅರೆಯುವವರು ಬಾಯಲ್ಲಿ ಒಂದು ಬೆಣಚುಕಲ್ಲು ಇಟ್ಟುಕೊಂಡೇ ಕೆಲಸಕ್ಕೆ ಇಳಿಯಬೇಕು. ನೀರು ಬೇಕಾದರೆ ಎರಡು ಬೆರಳು ಎತ್ತಬೇಕು, ಮರಳು ಬೇಕಾದರೆ ಮುಷ್ಟಿ ತೋರಿಸಬೇಕು. ಯಾರಾದರೂ ಮರೆತು ಮಾತಾಡಿದರೆ ಆ ಗಾರೆಯನ್ನು ಚೆಲ್ಲಿ ಹೊಸದಾಗಿ ಅರೆಯಬೇಕು. ಮಾತು ಕಡಿಮೆಯ ಅಳಿಯನನ್ನು ಕಂಡರೆ ನಮ್ಮೂರಲ್ಲಿ "ಗಾರೆ ಮುಂದೆ ಕೂತಂಗವ್ನೆ" ಅಂತಾರೆ. ಅದು ಹೊಗಳಿಕೆಯೋ ತೆಗಳಿಕೆಯೋ ಅತ್ತೆಯ ಮುಖ ನೋಡಿ ತಿಳಿಯಬೇಕು.

ನಮ್ಮವ್ವ ತಿಪ್ಪಕ್ಕ ಗಾಣದ ಎತ್ತು ಹೊಡೆಯುತ್ತಿದ್ದಳು. ಗಾರೆಯ ಹದ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕರಣೆಯ ಮೇಲೆ ಗಾರೆ ಇಟ್ಟು ತಲೆಕೆಳಗು ಮಾಡಿದರೆ ಬೀಳಬಾರದು, ಒಮ್ಮೆ ಜಾಡಿಸಿದರೆ ಅಂಟಿಕೊಂಡೂ ಇರಬಾರದು. ಹೆಸರಿಗೆ ಅಪ್ಪ ಮೇಸ್ತ್ರಿ. ಹದಕ್ಕೆ ಅವ್ವನೇ ಮೇಸ್ತ್ರಿ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಒಮ್ಮೆ ಕೊನೆಯ ಕಮಾನಿನ ನೆತ್ತಿಯ ಸಂದು ತುಂಬುವ ಕೆಲಸ ನಡೆದಿತ್ತು. ಮೋಡ ಕವಿದು ಹನಿ ಶುರುವಾಗಿತ್ತು. ಕತ್ತಲಾಗುವ ಮುಂಚೆ ಮುಗಿಸಬೇಕೆಂದು ಅಪ್ಪನಿಗೆ ಆತುರ. ಗಟ್ಟಿ ಗಾರೆ ಸಂದಿಗೆ ನಿಧಾನವಾಗಿ ಇಳಿಯುತ್ತದೆ, ತೆಳ್ಳಗಿದ್ದರೆ ಸರಸರನೆ ಹೋಗುತ್ತದೆ ಅಂತ ಒಂದು ಕೊಡ ನೀರು ತಂದು ಗಾಣಕ್ಕೆ ಸುರಿದುಬಿಟ್ಟ. ಅವ್ವ ಬೇಡವೆಂದು ಕೈ ಆಡಿಸಿದಳು, ತಲೆ ಆಡಿಸಿದಳು, ಎತ್ತಿನ ಹಗ್ಗ ಬಿಟ್ಟು ಅಡ್ಡ ಬಂದಳು. ಅಪ್ಪ ಇನ್ನೊಂದು ಕೊಡ ಎತ್ತಿ ಅದನ್ನೂ ಸುರಿದ. ಅವ್ವ ಬಾಯಿಂದ ಕಲ್ಲು ಉಗಿದಳು.

"ಏನಯ್ಯಾ ಇದು, ಗಾರೆ ಮಾಡ್ತಿದೀಯೋ, ಸಾರು ಮಾಡ್ತಿದೀಯೋ? ನೀರು ಹುಯ್ಬ್ಯಾಡ ಅಂದ್ರೆ ಹುಯ್ತೀಯಲ್ಲ! ಥೂ, ನೆಂದೋಗಿದೀಯ ನೋಡು. ಬಾ ಈಕಡೆ, ತಲೆ ಒರೆಸ್ಕೋ."

ನನ್ನ ಬಾಯಿಯ ಕಲ್ಲು ತಾನಾಗಿ ನೆಲಕ್ಕೆ ಬಿತ್ತು. ಆ ಗಾರೆಯನ್ನು ಚೆಲ್ಲಬೇಕಿತ್ತು. ಆದರೆ ಮಳೆ ಬಂದೇ ಬಿಟ್ಟಿತು. ಅಪ್ಪ ಅದನ್ನೇ ಬಾಂಡ್ಲಿಗೆ ತುಂಬಿಸಿ ಮೇಲೆ ಏರಿಸಿದ.

ಮರುದಿನ ಬೆಳಗ್ಗೆ ಪ್ಯಾಸೆಂಜರ್ ರೈಲು ದಾಟಿದಾಗ ಊರೆಲ್ಲ ಕೇಳಿಸಿಕೊಂಡಿತು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಸಾರು ತೆಳ್ಳಗಾದರೂ ಅದಕ್ಕೆ "ಓಬಳಯ್ಯನ ಗಾರೆ" ಎಂಬ ಹೆಸರು ನಿಂತಿತು. ಅವ್ವನಿಗೆ ನಾಚಿಕೆಯಾಗಿ ಸಾಕಾಯಿತು. ರೈಲು ಬರುವ ಹೊತ್ತಿಗೆ ಬೇಕಂತಲೇ ಪಾತ್ರೆಗಳನ್ನು ಬಡಿದು ಸದ್ದು ಮಾಡುತ್ತಿದ್ದಳು. ಅಪ್ಪನಿಗೆ ಮಾತ್ರ ಒಳಗೊಳಗೇ ಖುಷಿ. ಊರಿನ ಬೇರೆ ಗಂಡಸರಿಗೆ ಹೆಂಡತಿ ದಿನಕ್ಕೆಷ್ಟು ಸಲ ಬೈಯುತ್ತಾಳೋ ಲೆಕ್ಕವಿಲ್ಲ, ನನಗಾದರೆ ರೈಲಿನ ಟೈಮಿಗೆ ಸರಿಯಾಗಿ ಬೈಗುಳ ಅಂತ ಚಹಾದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ.

ಆಮೇಲೆ ಒಂದು ಚಳಿಗಾಲದ ಜ್ವರದಲ್ಲಿ ಅವ್ವ ಹೋದಳು. ಅಪ್ಪ ಎಲ್ಲರ ಮುಂದೆ ಅಳಲಿಲ್ಲ. ತಿಥಿ ಮುಗಿದ ಮೇಲೆ ಮಂಚ ಹೊತ್ತುಕೊಂಡು ಹೋಗಿ ಕೊನೆಯ ಕಮಾನಿನ ಕೆಳಗೆ ಹಾಕಿಕೊಂಡ. ನಾನು ಬೈದೆ, ಗಾಳಿ ಹೊಡೆಯುತ್ತದೆ ಎಂದೆ, ಊರು ಏನನ್ನುತ್ತದೆ ಎಂದೆ. ಊರು ಏನೂ ಅನ್ನಲಿಲ್ಲ. ಕಮಾನಿಗೆ ತಿಪ್ಪಕ್ಕನ ಕಮಾನು ಅಂತ ಹೆಸರಿಟ್ಟು ಸುಮ್ಮನಾಯಿತು. ಪ್ರತಿ ರೈಲಿಗೂ ಮೇಲಿನಿಂದ ಅವ್ವನ ಮಾತು ಇಳಿಯುತ್ತಿತ್ತು. ಅಪ್ಪ ಮಲಗಿದ್ದಲ್ಲೇ "ಆಯ್ತು ಬಿಡೇ, ಇನ್ಮೇಲೆ ಹುಯ್ಯಲ್ಲ" ಅನ್ನುತ್ತಿದ್ದ. ಆಮೇಲೆ ಒಣ ಬಿಸಿಲಿನಲ್ಲೂ ಟವೆಲ್ಲು ತೆಗೆದುಕೊಂಡು ತಲೆ ಒರೆಸಿಕೊಳ್ಳುತ್ತಿದ್ದ. ಬುತ್ತಿ ತಂದ ನಾನು ಕಂಬದ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದ್ದೇನೆ. ಅವನ ಮೇಲೆ ಸಿಟ್ಟು ಬರುತ್ತಿತ್ತು. ನನಗೂ ಅವಳು ತಾಯಿಯಲ್ಲವೇ, ನನ್ನ ಹೆಸರಿನ ಒಂದು ಮಾತಾದರೂ ಆ ಗಾರೆಯಲ್ಲಿ ಬೀಳಬಾರದಿತ್ತೇ ಅನ್ನಿಸುತ್ತಿತ್ತು.

ಹೀಗೇ ವರ್ಷಗಳು ಹೋದವು. ಈ ವರ್ಷ ಯುಗಾದಿ ಕಳೆದ ಮೇಲೆ ಸೇತುವೆ ನೋಡಲು ರೈಲ್ವೆಯಿಂದ ಪ್ರಫುಲ್ಲಾ ಮೇಡಂ ಬಂದರು. ವಯಸ್ಸು ಚಿಕ್ಕದು, ಕೆಲಸ ಗಟ್ಟಿ. ಒಂದೊಂದು ಕಮಾನನ್ನೂ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತ ಬಂದರು. ಒಳ್ಳೆಯ ಕಲ್ಲು ಗಂಟೆಯಂತೆ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಬಿರುಕು ಮಡಕೆಯಂತೆ. ತಿಪ್ಪಕ್ಕನ ಕಮಾನಿನ ನೆತ್ತಿಗೆ ಬಂದಾಗ ಸದ್ದು ಸತ್ತುಹೋಯಿತು. ಅವರು ನನ್ನ ಮುಖ ನೋಡಿದರು. ನಾನು ಏಣಿ ಹತ್ತಿ ನೋಡಿದೆ. ನೀರು ಒಸರಿ ಒಸರಿ ಸಂದಿನ ಸುಣ್ಣವೆಲ್ಲ ತೊಳೆದುಹೋಗಿತ್ತು. ನೆತ್ತಿಯ ಒಂದು ಕಲ್ಲು ಬೆರಳಿನಷ್ಟು ಕೆಳಗೆ ಜಾರಿತ್ತು. ಅಪ್ಪ ಆವತ್ತು ಸುರಿದ ಎರಡು ಕೊಡ ನೀರು ತನ್ನ ಕೆಲಸ ಮಾಡಿತ್ತು.

"ಮಳೆಗಾಲ ಬರೋದ್ರೊಳಗೆ ಇದನ್ನ ಕೆರೆದು ಹೊಸದು ತುಂಬ್ಲೇಬೇಕು ಮೇಸ್ತ್ರಿ" ಅಂದರು ಮೇಡಂ. "ಸಿಮೆಂಟು ಬೇಡ, ಅದು ಬಗ್ಗಲ್ಲ, ಹಳೇ ಕಲ್ಲು ಸೀಳುತ್ತೆ. ನಿಮ್ಮ ಗಾರೆನೇ ಆಗ್ಬೇಕು. ಕೆಲಸ ಮುಗಿಯೋವರೆಗೂ ರೈಲು ನಿಲ್ಲಿಸ್ತೀವಿ."

ಆಗಲೇ ಗೂಡ್ಸ್ ಬಂತು. ಮೇಡಂ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವ್ವನ ಮಾತನ್ನು ಪೂರ್ತಿ ಕೇಳಿದರು. ಅಪ್ಪ ಮಂಚದ ಮೇಲೆ ತಲೆ ಒರೆಸಿಕೊಳ್ಳುವುದನ್ನೂ ಕಂಡರು. ಬೇರೆ ಸಂದುಗಳನ್ನು ತುಂಬಿ ಈ ಒಂದನ್ನು ಉಳಿಸಲು ಆಗುತ್ತದೆಯೇ ಅಂತ ಆಮೇಲೆ ಅವರೇ ಮತ್ತೆ ಏಣಿ ಹತ್ತಿ ನೋಡಿದರು. ಕೆಳಗೆ ಇಳಿದಾಗ ಅವರ ಮುಖ ಸಪ್ಪಗಿತ್ತು. ಜಾರಿದ್ದು ಆ ಸಂದಿನ ಕಲ್ಲೇ.

ಅಪ್ಪನಿಗೆ ಹೇಳುವ ಪಾಳಿ ನನ್ನದು. ಹೇಳಿದೆ. ಅವನು ಮಂಚದ ಮೇಲೆ ಎದ್ದು ಕೂತ.

"ಬೀಳೋದಾದ್ರೆ ನನ್ ಮೇಲೇ ಬೀಳ್ಲಿ. ನಾನಿರೋಗಂಟ ಯಾರೂ ಅದನ್ನ ಮುಟ್ಬ್ಯಾಡಿ."

"ನಿನ್ ಮೇಲೆ ಬೀಳೋದು ಕಲ್ಲೊಂದೇ ಅಲ್ಲಪ್ಪ, ರೈಲು. ಅದ್ರಲ್ಲಿ ಜನ ಇರ್ತಾರೆ."

ಅವನು ಕಂಬದ ಕಡೆ ತಿರುಗಿ ಮಲಗಿದ. ನಮ್ಮವರು ಬೊಂಬು ತಂದು ಅವನ ಮಂಚದ ಸುತ್ತಲೇ ಸಾರುವೆ ಕಟ್ಟತೊಡಗಿದರು. ಅವನು ಕಣ್ಣು ಮುಚ್ಚಿಕೊಂಡು, ಕಟ್ಟು ಸಡಿಲವಾದ ಕಡೆ ಮಾತ್ರ "ಬಿಗಿರಿ" ಅನ್ನುತ್ತಿದ್ದ.

ಊರು ತನಗೆ ತಿಳಿದ ಉಪಾಯಗಳನ್ನೆಲ್ಲ ತಂದಿತು. ಕೆರೆದ ಹಳೆಯ ಗಾರೆಯನ್ನೇ ಹೊಸದರಲ್ಲಿ ಅರೆದರೆ ಮಾತು ಉಳಿಯಬಹುದು ಅಂದರು ಕೆಲವರು. ಹಿಂದೆ ಹಾಗೆ ಮಾಡಿದ ಒಂದು ಸಂದು ನಮ್ಮಲ್ಲಿದೆ, ಅದು ಅಕ್ಕಿ ಕೇರಿದಂತೆ ಸುಯ್‌ಗುಡುತ್ತದೆ, ಅಷ್ಟೆ. ಅವ್ವನ ತಂಗಿ ಪಾಲಮ್ಮನದು ಅಕ್ಕನದೇ ದನಿ. ಅವಳು ಬಂದು ಮಂಚದ ಪಕ್ಕ ನಿಂತು, "ಬಾವ, ಹೊಸ ಗಾರೆ ಮುಂದೆ ಅಕ್ಕ ಅಂದಿದ್ದನ್ನೇ ನಾನು ಹಂಗೇ ಅಂತೀನಿ. ನೋಡು ಬೇಕಾದ್ರೆ" ಎಂದು ಒಮ್ಮೆ ಅಂದೇ ತೋರಿಸಿದಳು. ನನಗೆ ಮೈ ಜುಮ್ಮೆಂದಿತು. ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಅಪ್ಪ ನಕ್ಕ. "ಚೆನ್ನಾಗೈತೆ ಪಾಲವ್ವ. ಆದ್ರೆ ನೀನು ಬೈದ್ರೆ ನಂಗೆ ಸಿಟ್ಟು ಬತ್ತೈತೆ. ಅವಳು ಬೈದ್ರೆ ಹಸಿವಾಗ್ತಿತ್ತು."

ಪಾಲಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು.

ಭಾನುವಾರ ಸಂಜೆಯ ಪ್ಯಾಸೆಂಜರೇ ಕೊನೆಯ ರೈಲು, ಆಮೇಲೆ ಕೆಲಸ ಮುಗಿಯುವವರೆಗೆ ನಿಲುಗಡೆ. ಆ ಸಂಜೆ ಊರಿನ ಜನ ಒಬ್ಬೊಬ್ಬರಾಗಿ ಬಂದು ತಿಪ್ಪಕ್ಕನ ಕಮಾನಿನ ಕೆಳಗೆ ನಿಂತರು. ಬಿಸಿಲು ಕಮಾನುಗಳ ಸಾಲಿನೊಳಗಿಂದ ಅಡ್ಡಡ್ಡ ಬಿದ್ದು, ಎಲ್ಲರ ನೆರಳೂ ಒಂದೇ ಉದ್ದನೆಯ ನೆರಳಾಗಿ ಗುಡ್ಡದವರೆಗೂ ಹೋಗಿತ್ತು. ಅಪ್ಪ ಇದ್ದಕ್ಕಿದ್ದಂತೆ ಮಂಚದಿಂದ ಇಳಿದು ಸಾರುವೆ ಹತ್ತಲು ಶುರು ಮಾಡಿದ. ಏಣಿ ಮುಟ್ಟಿ ಎಷ್ಟೋ ವರ್ಷವಾಗಿತ್ತು. ನಾನು ಹಿಂದೆಯೇ ಹತ್ತಿದೆ, ಕಾಲು ಜಾರಿದರೆ ಹಿಡಿಯಲಿಕ್ಕೆ. ಅವನು ನೆತ್ತಿಯ ಕಲ್ಲಿಗೆ ಕೆನ್ನೆ ಒತ್ತಿ ನಿಂತ.

ರೈಲು ಬಂತು. ಅಷ್ಟು ಹತ್ತಿರದಿಂದ ನಾನೂ ಅದನ್ನು ಎಂದೂ ಕೇಳಿರಲಿಲ್ಲ. ಅವ್ವ ನಮ್ಮಿಬ್ಬರ ನಡುವೆಯೇ ನಿಂತು ಬೈದಂತಿತ್ತು. ನೀರು ಹುಯ್ಬ್ಯಾಡ ಅಂದಳು. ತಲೆ ಒರೆಸ್ಕೋ ಅಂದಳು. ಮಾತು ಮುಗಿಯುವ ಹೊತ್ತಿಗೆ ಸಂದಿನಿಂದ ಒಣ ಮರಳು ಸೋರಿ ಅಪ್ಪನ ಕೂದಲಿನ ಮೇಲೆ, ರೆಪ್ಪೆಯ ಮೇಲೆ ಬಿತ್ತು. ಅವನು ಬೆರಳು ಹಾಕಿ ಸಂದನ್ನು ಒಮ್ಮೆ ಕೆದಕಿದ. ಬೆರಳು ಬುಡದವರೆಗೂ ಇಳಿಯಿತು. ಕೈತುಂಬ ಪುಡಿ ಬಂತು, ಹಿಡಿದರೆ ನಿಲ್ಲದ ಪುಡಿ. ಅದನ್ನು ಬಹಳ ಹೊತ್ತು ನೋಡಿದ. ಈ ಸಲ ಅವನು ಆಯ್ತು ಬಿಡೇ ಅನ್ನಲಿಲ್ಲ.

ಕೆಳಗಿಳಿದು ಮಂಚದ ಮೇಲೆ ಕೂತ ಮೇಲೆ ನನ್ನನ್ನು ಕರೆದ. "ಮಗಾ, ಇಷ್ಟು ವರ್ಷ ಅವಳು ಮೇಲೆ ಕೂತು ನೀರು ಬ್ಯಾಡ, ನೀರು ಬ್ಯಾಡ ಅಂತಾನೇ ಅವ್ಳೆ. ನಾನು ಕೆಳಗೆ ಮಲಗ್ಕಂಡು ಆಯ್ತು, ಆಯ್ತು ಅಂತಾನೇ ಇವ್ನಿ. ಆಯ್ತು ಅಂದೋನು ಒಂದ್ಸಲನಾದ್ರೂ ಮಾಡಿ ತೋರಿಸ್ಬ್ಯಾಡ್ವಾ?" ಆಮೇಲೆ ಕೈ ಚಾಚಿದ. "ಉಳಿ ಕೊಡು. ನಾನೇ ಕೆರೀತೀನಿ. ಬ್ಯಾರೆ ಯಾರ ಕೈಯೂ ಬ್ಯಾಡ."

ಕಲ್ಲಿಗೆ ಮರದ ಸೆಂಟ್ರಿಂಗ್ ಕೊಟ್ಟು, ಜಾರಿದ್ದನ್ನು ಬೆಣೆ ಹೊಡೆದು ಮೇಲಕ್ಕೆ ಕೂರಿಸಿದೆವು. ಸಂದನ್ನು ಅಪ್ಪನೇ ಕೆರೆದ. ಉಳಿಯ ಒಂದೊಂದು ಏಟಿಗೂ ಅವನ ಮುಖ ಹಿಂಡುತ್ತಿತ್ತು. ನೋಡಲಾರದೆ ನಾನು ಸುಣ್ಣ ಅರಳಿಸುವ ನೆವ ಹೇಳಿ ದೂರ ಹೋದೆ. ನೀರು ಬಿದ್ದ ಸುಣ್ಣ ಕೊತಕೊತ ಕುದಿಯಿತು, ಹೊಗೆ ಕಣ್ಣಿಗೆ ಬಂತು. ಅದು ಹೊಗೆಯಿಂದ ಬಂದ ನೀರು ಅಂತ ಯಾರು ಬೇಕಾದರೂ ತಿಳಿದುಕೊಳ್ಳಲಿ, ನಾನು ಅತ್ತೆ.

ರೈಲು ನಿಂತ ಆ ದಿನಗಳಲ್ಲಿ ಊರು ವಿಚಿತ್ರವಾಗಿತ್ತು. ಊಟಕ್ಕೆ ಕರೆಯುವವರಿಲ್ಲದೆ ಜನ ಹೊತ್ತಲ್ಲದ ಹೊತ್ತಿನಲ್ಲಿ ಉಂಡರು, ಕೆಲವರು ಮರೆತೇಬಿಟ್ಟರು. ಕೂಸುಗಳು ನಿದ್ದೆ ಬಾರದೆ ರಚ್ಚೆ ಹಿಡಿದವು. ಸ್ಟೇಷನ್ ಕಡೆಯ ಬೈಗುಳದ ಕಮಾನಿನ ಪಕ್ಕದ ಅಜ್ಜಿಗೆ ಮನೆ ಬಿಕೋ ಅಂದು, ಏನೂ ಸಿಗದೆ ತಾನೇ ಬೆಕ್ಕನ್ನು ಬೈಯುತ್ತ ಕೂತಳು. ಎಲ್ಲರ ನಡಿಗೆಯೂ ನೀರಿನಲ್ಲಿ ನಡೆದ ಹಾಗೆ ನಿಧಾನವಾಯಿತು.

ಗಾರೆ ಅರೆಯುವ ದಿನ ಊರೆಲ್ಲ ಗಾಣದ ಸುತ್ತ ಸೇರಿತು. ಅಪ್ಪ ಹೆಂಡತಿಗಾಗಿ ಒಂದು ಒಳ್ಳೆಯ ಮಾತು ಹೇಳುತ್ತಾನೆ, ಹೇಳಲಿ, ಆ ಗಾರೆಯನ್ನು ಚೆಲ್ಲುವುದು ಬೇಡ ಅಂತ ಹಿರಿಯರು ಆಗಲೇ ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರು. ಅಪ್ಪ ಯಾರನ್ನೂ ನೋಡಲಿಲ್ಲ. ಬಾಯಿಗೆ ಬೆಣಚುಕಲ್ಲು ಹಾಕಿಕೊಂಡು ಗಾಣದ ಪಕ್ಕ ಕೂತ. ನೀರನ್ನು ಕೊಡದಲ್ಲಿ ಮುಟ್ಟಲೇ ಇಲ್ಲ, ತೆಂಗಿನ ಚಿಪ್ಪಿನಲ್ಲಿ ಹನಿಹನಿಯಾಗಿ ಬಿಟ್ಟ. ಎತ್ತು ಸುತ್ತಿತು, ಕಲ್ಲು ಸುತ್ತಿತು, ಬಿಸಿಲು ಸುತ್ತಿ ಬಂತು. ಬೆಲ್ಲದ ವಾಸನೆಗೆ ಜೇನುನೊಣಗಳು ಬಂದು ಸದ್ದಿಲ್ಲದೆ ಕೂತವು. ಗಾರೆ ಮೊದಲು ಕರಕರ ಅನ್ನುತ್ತಿತ್ತು, ನಿಧಾನವಾಗಿ ನುಣ್ಣಗಾಗಿ, ಕೊನೆಗೆ ಕೆನೆಯಂತೆ ಹೊಳೆಯಿತು. ಅಪ್ಪ ಕರಣೆಯಲ್ಲಿ ಒಂದಿಷ್ಟು ತೆಗೆದು ತಲೆಕೆಳಗು ಹಿಡಿದ. ಬೀಳಲಿಲ್ಲ. ಜಾಡಿಸಿದ. ಅಂಟಲಿಲ್ಲ. ಅವನ ಮುಖ ಎಳೆಯ ಹುಡುಗನ ಮುಖದಂತೆ ಅರಳಿತು. ತಾನೆಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು ಅಂತ ಕಾಣುತ್ತದೆ. ಕಲ್ಲು ಉಗಿದು, ಕರಣೆ ಎತ್ತಿ ಹಿಡಿದು, ಎತ್ತಿನ ಕಡೆ ತಿರುಗಿ ಕೂಗಿದ.

"ತಿಪ್ಪೀ, ಬಾರೇ ಇಲ್ಲಿ, ಹದ ನೋಡೇ. ಸರಿ ಐತಾ?"

ಎತ್ತಿನ ಹಿಂದೆ ನಿಂತಿದ್ದವಳು ನಾನು. ಅವನ ಕಣ್ಣು ನನ್ನನ್ನು ಕಂಡಿತು, ನಿಧಾನವಾಗಿ ಗುರುತು ಹಿಡಿಯಿತು. ಎತ್ತಿದ ಕೈ ಹಾಗೇ ಇಳಿಯಿತು. ಒಳ್ಳೆಯ ಮಾತು ಅಂತ ಊರು ಕಾದಿದ್ದು ಇದಲ್ಲ. ಇದನ್ನು ಸೇತುವೆಗೆ ತುಂಬಿದರೆ ದಿನವೂ ರೈಲಿನ ಟೈಮಿಗೆ ಒಬ್ಬ ಮುದುಕ ಸತ್ತ ಹೆಂಡತಿಯನ್ನು ಕೂಗುತ್ತಾನೆ, ಉತ್ತರ ಬರುವುದಿಲ್ಲ. ಅದನ್ನು ಅವನು ಆ ಮಂಚದ ಮೇಲೆ ಮಲಗಿ ಹೇಗೆ ತಡೆದುಕೊಂಡಾನು? ಅಪ್ಪ ನನ್ನ ಕಡೆ ನೋಡಿ, ಚೆಲ್ಲಿಬಿಡು ಎಂಬಂತೆ ಕೈ ಆಡಿಸಿದ. ಆದರೆ ಮೇಸ್ತ್ರಿ ನಾನು. ನನ್ನ ಬಾಯಲ್ಲಿ ಕಲ್ಲಿತ್ತು. ಬಾಂಡ್ಲಿ ತನ್ನಿ, ತುಂಬಿ ಅಂತ ಕೈಸನ್ನೆ ಮಾಡಿದೆ. ಅಷ್ಟು ಒಳ್ಳೆಯ ಹದ ನನ್ನ ಕೈಗೆ ಇನ್ನೊಂದು ಸಲ ಬರಲಾರದೆಂದು ಗೊತ್ತಿತ್ತು. ಅದನ್ನು ಚೆಲ್ಲಲು ಮನಸ್ಸು ಒಪ್ಪಲಿಲ್ಲ ಅನ್ನುವುದೂ ನಿಜ.

ಗಾರೆ ಬಿಗಿದ ಮೇಲೆ ಸೆಂಟ್ರಿಂಗ್ ಇಳಿಸಿದೆವು. ಪ್ರಫುಲ್ಲಾ ಮೇಡಂ ನೆತ್ತಿಯನ್ನು ಸುತ್ತಿಗೆಯಲ್ಲಿ ತಟ್ಟಿದರು. ಗಂಟೆಯಂತೆ ಅಂದಿತು. ಮೊದಲ ರೈಲನ್ನು ಮಧ್ಯಾಹ್ನಕ್ಕೆ ಬಿಟ್ಟರು. ಊರು ಮತ್ತೆ ಬಂದು ಕಮಾನಿನ ಕೆಳಗೆ ನಿಂತಿತು. ಅಪ್ಪ ಮಂಚದ ಮೇಲೆ ಕೂತಿದ್ದ. ಪಾಲಮ್ಮ ಅವನ ಪಕ್ಕ ನಿಂತು ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನಗೆ ತಪ್ಪು ಮಾಡಿದೆನೇನೋ ಅಂತ ಭಯವಾಗಿತ್ತು.

ಗೂಡ್ಸ್ ಬಂತು. ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಭಾರ ದಾಟಿಸಿದವು. ಒಂದು ಹರಳು ಮರಳೂ ಉದುರಲಿಲ್ಲ. ನೆತ್ತಿಯೊಳಗಿಂದ ಅಪ್ಪನದೇ ದನಿ, ಈಗಿನದಕ್ಕಿಂತ ಎಳೆಯದಾಗಿ, ಇಳಿದು ಬಂತು. ತಿಪ್ಪೀ, ಬಾರೇ ಇಲ್ಲಿ, ಹದ ನೋಡೇ. ಸರಿ ಐತಾ?

ರೈಲು ಗುಡ್ಡದ ಆಚೆ ಹೋಯಿತು. ಸದ್ದೆಲ್ಲ ಅಡಗಿತು. ಅಪ್ಪ ತಲೆ ಓರೆ ಮಾಡಿ ಇನ್ನೂ ಮೇಲೆ ನೋಡುತ್ತಲೇ ಇದ್ದ. ಪಾಲಮ್ಮ ತಡೆಯಲಾರದೆ ಅತ್ತುಬಿಟ್ಟಳು. "ಬಾವ, ಅಕ್ಕ ಏನೂ ಅನ್ನಲಿಲ್ವಲ್ಲ ಬಾವ."

ಅಪ್ಪ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವ್ವ ಹೋದ ಮೇಲೆ ನಾನು ಕಂಡಿರಲಿಲ್ಲ.

"ಯಾಕನ್ಬೇಕು ಪಾಲವ್ವ? ಹದ ಸರಿ ಇಲ್ದಿದ್ರೆ ಅವಳು ಸುಮ್ನಿರೋಳಾ?"